ಸಾವಧಾನ್ ಅಂದ್ರ ನಿಂದ್ರೋರು

ಗಂಟಲ ಬಿದ್ದುಹೋಗಿದ್ರ ಎಷ್ಟು ಛಲೋ ಇತ್ತು. ಅದಕ್ಕಂತಲೇ ಯಶೋಧರಾ ನಿನ್ನಿ ಸಂಜಿಕಿ ಹುಣಸಿಹಣ್ಣಿಗಿ ಉಪ್ಪು ಹಚ್ಚಿ ನೆಕ್ಕಿದ್ದಳು, ಅದರ ಮ್ಯಾಲ ಅಂಗಡಿ ಐಸ್‌ಕ್ಯಾಂಡಿ ತಿಂದಿದ್ದಳು, ಅದೂ ಸಾಲಲಿಲ್ಲಂತ ಮಲಗೂ ಮುಂದ ಬಾಯಿ ತಗದು ಫ್ಯಾನಿನ ಗಾಳಿ ಕುಡದಿದ್ದಳು. ಮುಂಜಾನಿ ಎದ್ದು, ಹೆದರಕೋತ, "ಅವ್ವಾ" ಅಂತ ಕರದು ನೋಡಿದಳು. ನಾಕು ಮನಿ ದಾಟಿ, ಫರ್ಸಿಗಲ್ಲು ಪಾಲಿಶ್ ಮಾಡೂ ಮಷೀನಿನ ಸಪ್ಪಳಾನೂ ದಾಟಿ, ಅಲ್ಲಿ ಕೆಲಸಕ್ಕ ನಿಂತಿದ್ದ ಹಣಮವ್ವಗ ಅದು ಕೇಳಿಸಿತು. "ಯಾಕ ಹಂಗ ಒದರ್ತಿ? ಮನಿಗಿ ಬೆಂಕಿ ಹತ್ಯಾದೇನು?" ಅಂತ ಅವ್ವ ಅಲ್ಲಿಂದೇ ಒದರಿದಳು. ದನಿ ಇದ್ದಲ್ಲೇ ಇತ್ತು. ಮಂದಿಗಿ ನಾಕು ಹನಿ ಮಳಿ ಬಿದ್ರ ಗಂಟಲ ಕಟ್ತದ, ನೆಗಡಿ ಬರ್ತದ, ಸಾಲಿಗಿ ರಜಾ ಸಿಗ್ತದ. ಈಕಿ ಗಂಟಲಿಗಿ ಆಷಾಢದ ಗಾಳಿನೂ ಏನೂ ಮಾಡಲಿಲ್ಲ. ಇವತ್ತಿನ ಮಟ್ಟಿಗಿ ಅದು ದೊಡ್ಡ ಶನಿ ಆಗಿ ಬೆನ್ನು ಹತ್ತಿತ್ತು.

ಅವರ ಓಣಿಯಾಗ ಸಣ್ಣ ದನಿಲೆ ಮಾತಾಡಿದವರ ಸಂಸಾರ ನಡಿಯಂಗಿಲ್ಲ. ಈ ಬಾಜು ಪಾಲಿಶ್ ಮಷೀನು, ಆ ಬಾಜು ಕಲ್ಲು ಕೊಯ್ಯೂ ಮಷೀನು, ನಡುವ ಒಂದಿಷ್ಟು ಮನಿ. ಅಲ್ಲಿ ಕೈಗಡ ಉಪ್ಪು ಕೇಳಬೇಕಂದ್ರೂ ಒದರಬೇಕು, ಕೂಸಿಗಿ ಜೋಗುಳ ಹಾಡಬೇಕಂದ್ರೂ ಒದರಬೇಕು. ಎಂಟನೇ ಕ್ಲಾಸಿಗಿ ವಾಡಿಯ ಈ ದೊಡ್ಡ ಸಾಲಿಗಿ ಬಂದ ಮೊದಲನೇ ದಿನ ಹಾಜರಿ ಕರದಾಗ "ಹಾಜರ್ ಸರ್" ಅಂದಿದ್ದಕ್ಕ ಮಾಸ್ತರ ಕೈಯಾಗಿನ ಪೆನ್ನು ಕೆಳಗ ಬಿತ್ತು, ಇಡೀ ಕ್ಲಾಸು ಹೊಟ್ಟಿ ಹಿಡಕೊಂಡು ನಕ್ಕಿತು. ಬಾಜೂ ಕುಂತಿದ್ದ ನಾಲವಾರದ ಹುಡುಗಿ ಮಾತ್ರ ನಗಲಿಲ್ಲ. ಆಕಿ ಹೆಸರು ಶಗುಫ್ತಾ. ಕಿವಿಯಾಗ ಬೆರಳಿಟ್ಟು ತಿರುವಿ, "ಭೋಂಗಾ ಆಯ್ತಲ್ಲ, ಫ್ಯಾಕ್ಟರಿ ಮಂದೀನ ಊಟಕ್ಕ ಬಿಡ್ತಾರೇನು ಈಗ?" ಅಂತ ಕೇಳಿದಳು. ಅವತ್ತಿಂದ ಯಶೋಧರಾ ಭೋಂಗಾ ಆದಳು. ಬ್ಯಾರೆದವರು ಹಂಗಂದ್ರ ಮೈಯೆಲ್ಲ ಉರಿತದ. ಶಗುಫ್ತಾ ಅಂದ್ರ ಮನಿಯಾಗ ಕರದಂಗ ಆಗ್ತದ. ಇದು ಮೂರನೇ ವರ್ಷ, ಒಂದೇ ಬೆಂಚು, ಒಂದೇ ಬುತ್ತಿ. ಆಕಿ ತಂದ ಬೈಗನ್ ಪಲ್ಯ ಈಕಿಗಿ, ಈಕಿ ತಂದ ಪುಂಡಿಪಲ್ಯ ಆಕಿಗಿ. ನಿನ್ನಿ ಸಂಜಿಕಿ ಫೋನಿನ್ಯಾಗ ಮಾತ್ರ ಆಕಿ ಭೋಂಗಾ ಅನ್ನಲಿಲ್ಲ. "ಯಶೋಧರಾ" ಅಂದಳು. ಹಂಗ ಪೂರಾ ಹೆಸರು ಹಿಡದು ಆಕಿ ಯಾವತ್ತೂ ಕರದಾಕಿ ಅಲ್ಲ.

ಈಕೀನ ಸಾಲಿ ಪ್ರಧಾನಮಂತ್ರಿ ಮಾಡಿದ್ದೂ ಈ ದನಿನೇ. ಜೂನಿನ್ಯಾಗ ಮೈಕ್ ಕೆಟ್ಟಿತ್ತು. ಏಳ್ನೂರು ಹುಡುಗ್ರು, ಕನ್ನಡದವರು ಒಂದು ಕಡಿ, ಉರ್ದೂದವರು ಒಂದು ಕಡಿ, ಹಿಂದಿನ ಸಾಲಿಗಿ ಏನೂ ಕೇಳತಿರಲಿಲ್ಲ. ಪಿ.ಟಿ. ಕಲಸೂ ಅಣವೀರ ಸರ್ ಸೀಟಿ ಊದಿ ಊದಿ ಹೈರಾಣಾಗಿ, "ಮೈಕ್ ಯಾಕ ಬೇಕೋ ಮಾರಾಯ, ಹತ್ತನೇತ್ತೇ ಕ್ಲಾಸಿನ್ಯಾಗ ಒಂದು ಬಾಯಿ ಅದ ಅಲ್ಲ" ಅಂತ ಈಕೀನ ಕಟ್ಟಿ ಹತ್ತಿಸಿದರು. ಅದು ಹೊಗಳಿಕ್ಯೋ ಚಾಷ್ಟಿಯೋ ಯಶೋಧರಾಗ ಇನ್ನಾ ಗೊತ್ತಾಗಿಲ್ಲ. ಫರ್ಸಿಗಲ್ಲಿನ ಎತ್ತರದ ಕಟ್ಟಿ ಹತ್ತಿ, ಕಣ್ಣು ಮುಚ್ಚಿ, "ಸಾವಧಾನ್" ಅಂದಳು. ಕಣ್ಣು ತಗದು ನೋಡಿದ್ರ ಏಳ್ನೂರು ಮಂದಿ ಕಾಲು ಕೂಡಿಸಿ ನಿಂತಿದ್ದರು. ಯಪ್ಪಾ! ಬಡ್ಡಿಮಕ್ಕಳು ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನ್ಯಾಗ ಬಜಾರದ ಕಿರಾಣಿ ಅಂಗಡಿಯವರ ಮಗಳು ನಿಂತಿದ್ದಳು. ಅವರ ಮನಿ ಹಿತ್ತಲದಾಗ ಫರ್ಸಿ ಹಾಸುವಾಗ ಹಣಮವ್ವ ನೀರು ಕೇಳಿದ್ರ ಮ್ಯಾಲಿಂದ ಬೊಗಸಿಗಿ ಸುರುವಿದ್ದರು. ಆ ಹುಡುಗಿ ಗೆಳತೇರಿಗಿ "ಯಾರ ಮಾತಿಗಿ ಕಾಲೆತ್ತಬೇಕಾತು ನೋಡ್ರೆ" ಅಂದಿದ್ದು ಈಕಿ ಕಿವಿಗೂ ಬಿದ್ದಿತ್ತು. ಬಿದ್ರ ಬೀಳ್ಲಿ. ದಿನಾ ಮುಂಜಾನಿ ಆ ಹುಡುಗಿ ಕಾಲು ಎತ್ತತಿದ್ದಳು, ಇಳಸತಿದ್ದಳು. ಅದು ಯಶೋಧರಾಗ ಭಾಳ ಸೇರತಿತ್ತು. ಎಷ್ಟು ಸೇರತಿತ್ತು ಅನ್ನೂದು ನಿನ್ನಿ ಗೊತ್ತಾಯ್ತು, ಗೊತ್ತಾಗಿ ನಾಚಿಕಿ ಬಂತು.

ಈ ಸಾಲಿಗಿ ಮೊದಲಿಂದ ಒಂದು ರೂಢಿ ಇತ್ತು. ಘಂಟಿ ಗಡಿಯಾರ ನೋಡಿ ಹೊಡಿತಿರಲಿಲ್ಲ, ರೈಲು ನೋಡಿ ಹೊಡಿತಿದ್ದರು. ನಾಲವಾರದ ಕಡಿಂದ ಪ್ಯಾಸೆಂಜರ್ ಬರಬೇಕು, ಅದರಾಗಿನ ಹುಡುಗ್ರು ಇಳಿದು ಬರಬೇಕು, ಆಮ್ಯಾಗ ಶಿಪಾಯಿ ಮಲ್ಲು ಬೇವಿನಗಿಡಕ್ಕ ತೂಗುಬಿಟ್ಟ ರೈಲುಪಟ್ಟಿ ತುಂಡಿಗಿ ಬಾರಿಸಬೇಕು. ನಾಲವಾರದಾಗೂ ಸಾಲಿ ಅದ, ಆದ್ರ ಇಲ್ಲಿ ದೊಡ್ಡ ಲ್ಯಾಬ್ ಅದ, ಇಲ್ಲಿ ಕಲತವರಿಗಿ ಕಲಬುರಗಿ ಕಾಲೇಜಿನ್ಯಾಗ ಸೀಟು ಸಿಗ್ತದ ಅಂತ ಅಲ್ಲಿಯವರ ನಂಬಿಕಿ. ಪ್ಯಾಸೆಂಜರ್ ಏನು ನೆಟ್ಟಗ ಬರ್ತದೇನು? ಸಿಮೆಂಟಿನ ಮಾಲಗಾಡಿ ಹೋಗ್ಲಿ, ಕಲ್ಲಿದ್ದಲಿನ ಮಾಲಗಾಡಿ ಹೋಗ್ಲಿ ಅಂತ ಅದನ್ನ ಟೇಶನ್ನಿನ ಹೊರಗ, ಔಟರ್ ಸಿಗ್ನಲ್ಲಿನ್ಯಾಗ ನಿಂದ್ರಸ್ತಾರ. ಒಮ್ಮೊಮ್ಮೆ ಸಾಲಿನೂ ಅದರ ಸಂಗಟ ಅರ್ಧ ತಾಸು ನಿಂದ್ರತಿತ್ತು. ಈ ವರ್ಷ ಜಗದೇವಿ ಮೇಡಂ ಹೆಡ್ ಆಗಿ ಬಂದರು. ದಿನಾ ನಸಕಿನ್ಯಾಗ ಎದ್ದು ಕಲಬುರಗಿಂದ ಬರೂ ಹೆಣಮಗಳು. ರಿಜಲ್ಟ್ ನೋಡಿ ಹಣಿ ಹಣಿ ಬಡಕೊಂಡರು. "ಇದು ಸಾಲಿಯೋ, ಟೇಶನ್ನಿನ ವೇಟಿಂಗ್ ರೂಮೋ? ನಾನು ಕಲಬುರಗಿಂದ ಬರ್ತೀನಿ, ಬಾಜೂ ನಾಲವಾರದವರಿಗಿ ಏನು ದಾಡಿ?" ಅಂದರು. ಗಡಿಯಾರದ ಪ್ರಕಾರ ಘಂಟಿ, ಘಂಟಿಗಿ ಪ್ರಾರ್ಥನಾ, ಮೊದಲು ರಾಷ್ಟ್ರಗೀತೆ, ಅದು ಶುರು ಆಯ್ತೋ ಗೇಟ್ ಬಂದ್. ಬಂದ್ ಅಂದ್ರ ಬಂದ್. ಹೊರಗ ಉಳದವರು ವಾಪಸ್. ತಡ ಮಾಡಿ ಬರೂ ಮಾಸ್ತರರಿಗಿ ಹಿಂದಿನ ಸಣ್ಣ ಬಾಗಲಾ ಇತ್ತು, ಅದರ ಮಾತು ಯಾರೂ ತಗೀಲಿಲ್ಲ. ಮೇಡಂ ಕೆಟ್ಟವರಲ್ಲ. ಕೆಟ್ಟವರಾಗಿದ್ರ ಈಕಿಗಿ ಇಷ್ಟು ಬ್ಯಾನಿ ಆಗತಿರಲಿಲ್ಲ. ಅವರೇ ಸ್ವಂತ ಹತ್ತನೇತ್ತೇದವರಿಗಿ ಸಂಜಿಕಿ ಲೆಕ್ಕ ಹೇಳಿಕೊಡತಿದ್ದರು, ಯಶೋಧರಾನ ಬೆನ್ನು ತಟ್ಟಿ "ನೀ ಮುಂದ ಏನರೆ ಆಗ್ತಿ ನೋಡು" ಅಂದಿದ್ದರು. ಆ ಮಾತು ಆಕಿ ಎದಿಯಾಗ ಇಟ್ಟುಕೊಂಡಿದ್ದಳು.

ನಿನ್ನಿ ಏನಾತು? ನಿನ್ನಿ ಏನೂ ಆಗಲಿಲ್ಲ, ಅದೇ ಮಾತು. ಘಂಟಿ ಆಯ್ತು, ಈಕಿ ಕಟ್ಟಿ ಹತ್ತಿದಳು. ಸಾಲಿ ಗ್ವಾಡಿ ಎತ್ತರ. ಕೆಳಗ ನಿಂತವರಿಗಿ ಹೊರಗಿಂದು ಕಾಣಂಗಿಲ್ಲ, ಕಟ್ಟಿ ಮ್ಯಾಲ ನಿಂತವರಿಗಿ ಅಷ್ಟೇ ಟೇಶನ್ ದಾರಿ, ಸಣ್ಣ ಸೇತುವಿ, ಅದರಾಚಿ ರೈಲುಪಟ್ಟಿ ಎಲ್ಲ ಕಾಣ್ತದ. ಸೇತುವಿ ಮ್ಯಾಲ ಹುಡುಗ್ರು ಓಡಿ ಬರಲಾಕತ್ತಿದ್ದರು. ರೈಲು ಔಟರಿನ್ಯಾಗ ನಿಂತಿತ್ತು. ಅಲ್ಲೇ ಜಿಗಿದು ಖಡಿಗಲ್ಲಿನ ಮ್ಯಾಲ ಓಡಿ ಬಂದಿದ್ದರು. ಎಲ್ಲರಕಿಂತ ಮುಂದ ಶಗುಫ್ತಾ, ಚೀಲ ಎದಿಗಿ ಅವಚಿಕೊಂಡು. ಇನ್ನೊಂದು ಗಳಿಗಿ ಸುಮ್ಮ ಇದ್ದಿದ್ರ ಗೇಟಿನ್ಯಾಗ ಬರತಿದ್ದಳು. ಮೇಡಂ ಕೆಳಗಿಂದ ಹುಬ್ಬು ಹಾರಿಸಿದರು, ಈಕಿ ಬಾಯಿ ತನ್ನಷ್ಟಕ್ಕ ತೆರೀತು. "ಸಾವಧಾನ್! ರಾಷ್ಟ್ರಗೀತ್ ಶುರು ಕರ್!" ಹೊರಗಿನವರು ಅಲ್ಲೇ ಗಕ್ಕನ ನಿಂತುಬಿಟ್ಟರು. ಅಣವೀರ ಸರ್ ಎಂಟನೇತ್ತೇದಾಗೇ ಕಲಿಸಿದ್ದು ಅದು: ಸಾವಧಾನ್ ಕೇಳಿದ್ರ ಎಲ್ಲಿದ್ದಿ ಅಲ್ಲೇ ನಿಂದ್ರಬೇಕು, ಬಾವಿ ಕಟ್ಟಿ ಮ್ಯಾಲಿದ್ರ ಬಾವಿ ಕಟ್ಟಿ ಮ್ಯಾಲೇ. ಸಣ್ಣ ಸಣ್ಣ ಹುಡುಗ್ರು ತೊಡಿಗಿ ಕೈ ಒತ್ತಿ, ಉಸಿರು ಬಿಗಿ ಹಿಡದು, ದಾರಿ ನಡುವ ನಿಂತಿದ್ದರು. ಶಗುಫ್ತಾನ ಮೊಣಕಾಲ ಒಡದು ನೆತ್ತರ ಬಿಳಿ ಪ್ಯಾಂಟಿನ ಮ್ಯಾಲ ಇಳಿಲಾಕತ್ತಿತ್ತು, ಆಕಿ ಬಗ್ಗಿ ಒರಸಲೂ ಇಲ್ಲ. ಇತ್ತ ಮಲ್ಲು ತಾನೂ ಸಾವಧಾನ್ ನಿಂತು, ಒಂದು ಕೈ ಅಷ್ಟ ಚಾಚಿ, ಗೇಟ್ ಎಳದು ಕೊಂಡಿ ಹಾಕಿದ. ಕದ ಕೂಡೂತನಕ ಶಗುಫ್ತಾ ಯಶೋಧರಾನ ಮಾರಿನೇ ನೋಡಲಾಕತ್ತಿದ್ದಳು. ಓಡಿ ಬರಬೇಕಿತ್ತಲ್ಲ ಹುಚ್ಚಿ, ಯಾರು ನೋಡತಿದ್ದರು? ಇಲ್ಲ, ಆಕಿ ಓಡಿ ಬರಾಕಿ ಅಲ್ಲ. ತಾನಾದ್ರೂ ಓಡತಿರಲಿಲ್ಲ. ಮಾತು ಕೇಳಿದವರೇ ಹೊರಗ ಉಳದರು.

ಸಂಜಿಕಿ ಹಣಮವ್ವನ ಮೊಬೈಲಿಗಿ ಫೋನ್ ಬಂತು. ಶಗುಫ್ತಾ ಇಡೀ ದಿನ ಟೇಶನ್ನಿನ ಬಾಕಿನ ಮ್ಯಾಲ ಕುಂತು ಸಂಜಿಗಾಡಿಗಿ ಮನಿಗಿ ಹೋಗಿದ್ದಳು. "ಯಶೋಧರಾ, ನಾಳಿಗಿ ಅಬ್ಬಾ ನನ್ನ ಸಂಗಟ ಬರ್ತಾನ," ಅಂದಳು. "ಒಳಗ ಬಿಟ್ರ ಛಲೋ ಆಯ್ತು, ಇಲ್ಲಂದ್ರ ಅಲ್ಲೇ ಟೀಸಿ ತಗಿಸಿ ಸಾಲಿ ಬಿಡಸ್ತೀನಿ ಅಂದಾನ. ಬೆಳದ ಹುಡುಗಿ ರೈಲಿಂದ ಜಿಗಿಯೂದು, ಆಮ್ಯಾಗ ಇಡೀ ದಿನ ಟೇಶನ್‌ದಾಗ ಕುಂಡ್ರೂದು, ಇದ್ಯಾವ ಸಾಲಿ ಅಂತ ಕೇಳ್ತಾನ. ನಾ ಏನಂತ ಹೇಳ್ಲಿ?" ಆಕಿ ಅಬ್ಬಾ ಮಜೀದಸಾಬ ನಾಲವಾರದಾಗ ಟೇಲರ್, ಊರಿನ ಅರ್ಧ ಹುಡುಗೇರ ಯೂನಿಫಾರ್ಮ್ ಅಂವನೇ ಹೊಲಿದದ್ದು. ಮಗಳು ಓದಬೇಕಂತ ಅಂವನಿಗೇ ಹೆಚ್ಚಿಗಿ ಆಸಿ ಇತ್ತು. ಅಂಥಾವ ಟೀಸಿ ಮಾತು ತಗದಾನಂದ್ರ ಹೆದರ್ಯಾನ ಅಂತಲೇ ಅರ್ಥ. ಯಶೋಧರಾ ಏನರೆ ಅನ್ನಬೇಕಂತ ಬಾಯಿ ತಗದಳು. "ನಿನ್ನ ಲೆಕ್ಕದ ಪುಸ್ತಕ ನನ್ನ ಬಲ್ಲಿ ಅದ, ಬೇಕಂದ್ರ ಅಬ್ಬಾನ ಕೈಲೆ ಇಸ್ಕೋ," ಅಂದು ಶಗುಫ್ತಾ ಫೋನ್ ಇಟ್ಟಳು. ಬೈದಿದ್ರ ಛಲೋ ಇತ್ತು. ಒಂದು ಮಾತು ಬೈಲಿಲ್ಲ.

ಮುಂಜಾನಿ ಕೆಲಸದಿಂದ ಗಳಿಗಿ ಬಿಡಿಸಿಕೊಂಡು ಬಂದ ಹಣಮವ್ವ ರೊಟ್ಟಿ ಬಡಿಯೂದು ನಿಂದ್ರಿಸಿ ಮಗಳ ಮಾರಿ ನೋಡಿದಳು. "ಯಾಕಽ, ಸತ್ತವರ ಮನಿಗಿ ಹೋಗಿ ಬಂದಂಗ ಮಾರಿ ಮಾಡಿದಿ? ಪ್ರಧಾನಮಂತ್ರಿ ಅಂತ ಓಣಿಗೆಲ್ಲ ಪೇಢಾ ಹಂಚಿ ಬಂದೀನಿ, ಜರಾ ನಗು."

"ಅವ್ವಾ, ಪ್ರಧಾನಮಂತ್ರಿ ಬಿಟ್ರ ನಿನಗ ಬ್ಯಾಸರ ಆಗ್ತದೇನು?"

"ಯಾಕ ಬಿಡ್ತಿ? ಯಾರರೆ ಏನರೆ ಅಂದ್ರೇನು?"

"ಯಾರೂ ಏನೂ ಅಂದಿಲ್ಲ."

ಹಣಮವ್ವ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದಳು. "ಪೇಢಾ ಅಂತೂ ವಾಪಸ್ ಕೇಳಲಾಕ ಬರಂಗಿಲ್ಲ, ತಿಂದು ಕುಂತಾರ," ಅಂದಳು. ಅಷ್ಟಂದು ಮತ್ತೊಂದು ರೊಟ್ಟಿ ಬುತ್ತಿಗಿ ಹೆಚ್ಚಿಗಿ ಕಟ್ಟಿದಳು. ಎಂದಿನಂಗ ಅದು ಶಗುಫ್ತಾನ ಪಾಲಿಂದು. ಯಶೋಧರಾ ಬುತ್ತಿ ಚೀಲದಾಗ ಇಟ್ಟುಕೊಂಡಳು.

ಸಾಲಿಗಿ ದಿನಕ್ಕಿಂತ ಜಲ್ದಿ ಬಂದಳು. ಮೇಡಂಗ ಹೇಳಿಬಿಡೂದು ಅಂತ ದಾರಿ ತುಂಬಾ ಮಾತು ಹೊಂದಿಸಿಕೋತ ಬಂದಿದ್ದಳು: ಮೇಡಂ, ರೈಲು ತಡ ಮಾಡಿದ್ರ ಅವರದೇನು ತಪ್ಪದರಿ, ಮೇಡಂ, ಶಗುಫ್ತಾ ಲೆಕ್ಕದಾಗ ನನಗಿಂತ ಶಾಣ್ಯಾಕಿ ಅದಾಳ್ರಿ, ಮೇಡಂ, ಆಕಿ ಮನಿಯಾಗ ಕುಂತ್ರ ಮುಂದಿನ ವರ್ಷ ಲಗ್ನ ಮಾಡ್ತಾರ್ರಿ. ಆಫೀಸಿನ ಬಾಗಲಿಗಿ ಬಂದು ನಿಂತಾಗ ಮೇಡಂ ಫೋನಿನ್ಯಾಗಿದ್ದರು. ಮ್ಯಾಲಿನ ಸಾಹೇಬರು ಯಾರೋ ಬೈಲಾಕತ್ತಿದ್ದರು ಅಂತ ಕಾಣ್ತದ, "ಹೂಂನ್ರಿ ಸರ್, ಸುಧಾರಣಾ ಮಾಡ್ತೀನ್ರಿ ಸರ್, ಶಿಸ್ತಿಗಿ ತಂದೀನ್ರಿ ಸರ್" ಅಂತ ಇವರ ದನಿ ಸಣ್ಣ ಆಗಿತ್ತು. ಅಷ್ಟು ದೊಡ್ಡ ಮೇಡಂ ಹಂಗ ಸಣ್ಣಾಗಿ ಮಾತಾಡೂದು ಕೇಳಿ ಯಶೋಧರಾಗ ನೋಡಬಾರದ್ದು ನೋಡಿದಂಗ ಆಯ್ತು. ಫೋನಿಟ್ಟು ಮೇಡಂ "ಏನು?" ಅಂದರು.

"ಚಾಕ್‌ಪೀಸ್ ಬೇಕಾಗಿತ್ರಿ ಮೇಡಂ."

ಥೂ ನಿನ್ನ. ಏಳ್ನೂರು ಮಂದಿ ಮುಂದ ಒದರೂ ಬಾಯಿ ಒಬ್ಬರ ಮುಂದ ಚಾಕ್‌ಪೀಸ್ ಬೇಡಿತು. ಮೇಡಂ ಡಬ್ಬಿಯಿಂದ ಒಂದು ತಗದು ಕೊಟ್ಟರು, ಮ್ಯಾಲ ನಕ್ಕೂ ನಕ್ಕರು. ಅದನ್ನ ಮುಷ್ಟಿಯಾಗ ಹಿಡಕೊಂಡು ಹೊರಗ ಬಂದಳು. ವರಾಂಡದಾಗ ಅಣವೀರ ಸರ್ ಸೀಟಿ ಒರಸಲಾಕತ್ತಿದ್ದರು. ಅವರಿಗರೆ ಹೇಳಮಂತ, "ಸರ್, ನಾಲವಾರದವರು" ಅಂತ ಶುರು ಮಾಡಿದಳು. "ಗೊತ್ತದವಾ," ಅಂದರು ಸರ್, ಆಕಡಿ ಈಕಡಿ ನೋಡಿ. "ನನಗೂ ಕರುಳದ. ಆರ್ಡರ್ ಅಂದ್ರ ಆರ್ಡರ್, ನಾ ಏನು ಮಾಡ್ಲಿ ಹೇಳು?" ಅಂದು ಸೀಟಿ ಬಾಯಾಗ ಇಟ್ಟುಕೊಂಡರು. ಮಲ್ಲು ಗಡಿಯಾರ ನೋಡಿ ರೈಲುಪಟ್ಟಿ ಬಾರಿಸಿದ.

ಕಟ್ಟಿ ಹತ್ತೂ ಮುಂದ ಒಂದು ಕ್ಷಣ ಆಕಿಗಿ ಅನಿಸ್ತು: ರೈಲು ಬಂದೇ ಬಿಟ್ಟಿದ್ರ? ಇವತ್ತೊಂದು ದಿನ ಮಾಲಗಾಡಿ ಅಡ್ಡ ಬರದೇ ಇದ್ದಿದ್ರ? ಮ್ಯಾಲ ಹೋಗಿ ನೋಡಿದಳು. ಔಟರಿನ್ಯಾಗ ಪ್ಯಾಸೆಂಜರ್ ನಿಂತಿತ್ತು, ನೀಲಿ ಡಬ್ಬಿ ಎಲ್ಲ ಬಿಸಲಿಗಿ ಮಿಂಚಲಾಕತ್ತಿದ್ದವು. ಹುಡುಗ್ರು ಜಿಗಿದಾಗಿತ್ತು. ಸೇತುವಿ ಆಚಿ ಒಂದು ಹಿಂಡು ಬರಲಾಕತ್ತಿತ್ತು, ಎಲ್ಲರಕಿಂತ ಹಿಂದ ಶಗುಫ್ತಾ ಕುಂಟಕೋತ, ಆಕಿ ಬಾಜೂ ಉದ್ದಾನ್ನ ಮನಷ್ಯಾ ಒಬ್ಬ, ಬಿಳಿ ಟೋಪಿ, ಕೊಳ್ಳಾಗ ಅಳತಿ ಟೇಪು. ಅಂಗಡಿಯಿಂದ ಎದ್ದು ಹಂಗೇ ಬಂದಾನ, ಟೇಪು ತಗಿಯೂದೂ ಖಬರ್ ಇಲ್ಲ. ಅಂವ ಓಡತಿರಲಿಲ್ಲ. ಮಗಳ ನಡಿಗಿಗಿ ತಕ್ಕ ನಡಿಲಾಕತ್ತಿದ್ದ. ಕೆಳಗಿಂದ ಮೇಡಂ ಹುಬ್ಬು ಹಾರಿಸಿದರು.

"ಸಾವಧಾನ್!" ಅಂದಳು ಯಶೋಧರಾ. ಏಳ್ನೂರು ಜೋಡಿ ಕಾಲು ಕೂಡಿದವು. ಶುರು ಕರ್ ಅನ್ನೂ ಬದಲಿ "ವಿಶ್ರಾಮ್!" ಅಂದಳು. ಸಾಲು ಸೊಟ್ಟ ಇದ್ದಾಗ ಅಣವೀರ ಸರ್ ಹಿಂಗೇ ಎರಡು ಮೂರು ಸಲ ಮಾಡಸ್ತಾರ, ಯಾರಿಗೂ ಅದು ಹೊಸಾದಲ್ಲ. ಮಾಡಿಸಿಕೋತ ಹೋದ್ರ ಅವರು ಬಂದು ಮುಟ್ಟತಾರ. ಎಷ್ಟು ಸರಳ ಉಪಾಯ, ನಿನ್ನಿ ಯಾಕ ಹೊಳಿಲಿಲ್ಲ ಅಂತ ಹಿಗ್ಗಿ, ಮತ್ತೊಮ್ಮೆ "ಸಾವಧಾನ್!" ಅಂದು ಹೊರಗ ನೋಡಿದಳು. ಅಯ್ಯ ನನ ಶಿವನೇ! ಸೇತುವಿ ಮ್ಯಾಲ ಹಿಂಡಿಗಿ ಹಿಂಡೇ ನಿಂತುಬಿಟ್ಟಿತ್ತು. ಎಂಟನೇತ್ತೇದ ಒಂದು ಹುಡುಗಿ ಒಂದು ಕಾಲು ಎತ್ತಿದ್ದು ಹಂಗೇ ಇಳಿಸಿ, ಕೈ ತೊಡಿಗಿ ಒತ್ತಿ ಕಲ್ಲಾಗಿದ್ದಳು. ಅವರನ್ನ ನೋಡಿ ಮಜೀದಸಾಬನೂ ನಿಂತಿದ್ದ, ಟೇಪು ಗಾಳಿಗಿ ಹಾರಲಾಕತ್ತಿತ್ತು. "ವಿಶ್ರಾಮ್!" ಓಡಿದರು. "ಸಾವಧಾನ್!" ನಿಂತರು. ಓಡ್ರೆಪ್ಪಾ, ಓಡ್ರಿ, ನಿಮಗಲ್ಲ ಹೇಳಿದ್ದು! ಅದನ್ನ ಬಾಯಿ ಬಿಟ್ಟು ಹೇಳಂಗಿಲ್ಲ. ಆಕಿ ಹೊತ್ತು ಸಿಗ್ಲಿ ಅಂತ ಒದರಿದಷ್ಟೂ ಆ ಹೊತ್ತು ಅವರು ನಿಂತಲ್ಲೇ ಕಳಿತಿದ್ದರು. ಮುಂದಿನ ಸಾಲಿನ ಕಿರಾಣಿ ಅಂಗಡಿ ಹುಡುಗಿ "ಈಕಿಗಿ ತೆಲಿ ಕೆಟ್ಟದ" ಅಂತ ಪಿಸುಗುಟ್ಟಿದಳು.

"ವಿಶ್ರಾಮ್!" ಅಂದಳು ಯಶೋಧರಾ. ಅಂದು ಬಾಯಿ ಮುಚ್ಚಿದಳು.

ಈ ಜನ್ಮದಾಗ ಆಕಿ ಅಷ್ಟು ಸುಮ್ಮ ಎಂದೂ ನಿಂತಿರಲಿಲ್ಲ. ಒದರೂದು ಸರಳ, ಸುಮ್ಮ ನಿಂದ್ರೂದು ಏಳ್ನೂರು ಮಂದಿ ಮುಂದ ಬತ್ತಲೆ ನಿಂತಂಗ ಆಗ್ತದ. ಬೇವಿನಗಿಡದಾಗ ಕಾಗಿ ಕೂಗಿದ್ದು ಕೇಳಿಸಿತು. ದೂರ ಪಾಲಿಶ್ ಮಷೀನು ಗರ್ ಅನ್ನೂದು ಕೇಳಿಸಿತು. ಅವ್ವ ಅಲ್ಲಿ ಮೊಣಕಾಲತನಕ ಕಲ್ಲುಪುಡಿಯ ಬೂದಿನೀರಿನ್ಯಾಗ ನಿಂತಿರಬೇಕು, ನನ್ನ ಮಗಳು ಈಗ ಸಾಲಿಗಿ ಸಾಲೀನೇ ನಿಂದ್ರಿಸಿರಬೇಕು ಅಂತ ಬಾಜೂದಾಕಿಗಿ ಹೇಳ್ಲಾಕತ್ತಿರಬೇಕು. "ಭೋಂಗಾ ಬಂದ್ ಬಿತ್ತಲೇ" ಅಂತ ಹಿಂದಿನಿಂದ ಯಾವನೋ ಅಂದ, ನಗಿ ಎದ್ದಿತು, ಅಡಗಿತು. ಅಣವೀರ ಸರ್ ಬಾಯಿ ಅಲುಗಾಡಿಸಿ ಹೇಳು, ಹೇಳು ಅಂತ ಸನ್ನಿ ಮಾಡಲಾಕತ್ತಿದ್ದರು. ಆಕಿ ಮುಷ್ಟಿಯಾಗಿನ ಚಾಕ್‌ಪೀಸ್ ಮುರಿತು, ಮುರಿದಿದ್ದು ಪುಡಿ ಆಯ್ತು, ಬೆವರಿಗಿ ಕಲಸಿ ಅಂಟಾಯ್ತು. ಮೇಡಂ ಕಟ್ಟಿ ಕಡಿಗಿ ಬರಲಾಕತ್ತಿದ್ದು ಓರೆಗಣ್ಣಿಗಿ ಕಾಣಸ್ತು. ಬರ್ಲಿ. ತಗದು ಹಾಕ್ಲಿ. ಪೇಢಾ ಅಂತೂ ತಿಂದಾಗ್ಯಾದ.

ಜಗದೇವಿ ಮೇಡಂ ಸೀರಿ ನಿರಗಿ ಹಿಡಕೊಂಡು ಕಟ್ಟಿ ಹತ್ತಿದರು. ಬಂದಾಗಿಂದ ಅವರು ಪ್ರಾರ್ಥನಾದ ಹೊತ್ತಿಗಿ ಈ ಕಟ್ಟಿ ಹತ್ತಿದ್ದು ಇದೇ ಮೊದಲು. "ಏನಾಗ್ಯಾದ ನಿನಗ? ಮೈಯಾಗ ಆರಾಮಿಲ್ಲೇನು?" ಅಂತ ಸಣ್ಣಾಗಿ ಕೇಳಿದರು. ಯಶೋಧರಾ ರಸ್ತಾದ ಕಡಿಗೇ ನೋಡಲಾಕತ್ತಿದ್ದಳು. ಅಷ್ಟರಾಗ ಅಣವೀರ ಸರ್‌ಗ ಜೀವ ತಡಿಲಿಲ್ಲ, ಮೇಡಂ ಎಲ್ಲಿ ತಮ್ಮನ್ನ ಬೈತಾರೋ ಅಂತ ಹೆದರಿ, ತಾವೇ ಹೊಟ್ಟಿಯಿಂದ ಒದರಿದರು: "ಸಾವಧಾನ್!"

ಒಳಗ ಏಳ್ನೂರು ಮಂದಿ ಕಾಲು ಕೂಡಿಸಿದರು. ಹೊರಗ, ಗೇಟಿಗಿ ಕಲ್ಲೊಗತದಷ್ಟು ದೂರ, ಓಡಿ ಬರಲಾಕತ್ತಿದ್ದವರೆಲ್ಲ ಗಕ್ಕನ ನಿಂತರು. ಒಬ್ಬನ ಚೀಲದಾಗಿಂದ ನೀರಿನ ಬಾಟ್ಲಿ ಬಿದ್ದು ಉಳ್ಳಿಕೋತ ಹೋಯ್ತು, ಅಂವ ಅದರ ಕಡಿ ನೋಡಲಿಲ್ಲ. ಶಗುಫ್ತಾ ಒಡದ ಮೊಣಕಾಲ ನೆಟ್ಟಗ ಮಾಡಿ, ತುಟಿ ಕಚ್ಚಿ ನಿಂತಳು. ಮಲ್ಲುನ ಕೈ ರೂಢಿ ಪ್ರಕಾರ ಗೇಟಿಗಿ ಹೋಯ್ತು.

ಮೇಡಂ ಗ್ವಾಡಿ ಮ್ಯಾಲಿಂದ ಅದನ್ನೆಲ್ಲ ನೋಡಿದರು. "ಅವರು ಯಾಕ ನಿಂತ್ರು?" ಅಂತ ಕೇಳಿದರು.

"ಸಾವಧಾನ್ ಅಂದ್ರಲ್ರಿ ಮೇಡಂ. ಅದಕ್ಕ ನಿಂತಾರ."

"ಅಲ್ಲೇ? ರಸ್ತಾದಾಗೇ?"

"ಗಾಡಿ ತಡ ಆದಾಗೆಲ್ಲ ಅಲ್ಲೇ ನಿಂದ್ರತಾರ್ರಿ. ಅವರು ನಿಂತಾಗ ನಾವು ಗೇಟ್ ಹಾಕ್ತೀವಿ." ಇಷ್ಟು ಅನ್ನೂದ್ರಾಗ ಯಶೋಧರಾನ ಗಂಟಲ ಕಟ್ಟಿತು. ಮುಂಜಾನಿ ಬೇಡಿದ್ದು ಈಗ ಬಂತು ನೋಡು, ಬ್ಯಾಡಾದಾಗ. ಆದ್ರೂ ಅಂದಳು, ಇಡೀ ಬದುಕಿನ್ಯಾಗ ಆಡಿದ ಎಲ್ಲಾಕಿಂತ ಸಣ್ಣ ದನಿಲೆ ಅಂದಳು: "ಅವರು ಬರ್ಲಿರಿ ಮೇಡಂ. ನಾ ಇದನ್ನ ಬಿಡ್ತೀನಿ, ಬೇಕಂದ್ರ ಬ್ಯಾರೆ ಯಾರನ್ನರೆ ಮಾಡ್ರಿ. ಅವರು ಬಂದ ಮ್ಯಾಲೇ ನಾ ಮುಂದಿಂದು ಹೇಳ್ತೀನಿ."

ಇಡೀ ಸಾಲಿ ಉಸಿರು ಹಿಡದು ನಿಂತಿದ್ದಕ್ಕ ಆ ಸಣ್ಣ ದನಿ ಹಿಂದಿನ ಸಾಲಿಗೂ ಮುಟ್ಟಿತು.

ಮೇಡಂ ಬೈಯಲಿಲ್ಲ. ಅವರ ಮಾರಿ ಆಫೀಸಿನ್ಯಾಗ ಫೋನಿನ ಮುಂದ ಇದ್ದಾಗಿನಂಗ ಸಣ್ಣ ಆಗಿತ್ತು. ಕನ್ನಡಕ ತಗದು ಸೆರಗಿಲೆ ಒರಸಿ ಮತ್ತ ಹಾಕಿಕೊಂಡು, ರಸ್ತಾದಾಗ ನಿಂತವರನ್ನ ಮತ್ತೊಮ್ಮೆ ನೋಡಿದರು. "ಶಿಸ್ತು ಇಲ್ಲಂತ ಅವರನ್ನೇ ಹೊರಗ ಹಾಕಿದ್ನಲ್ಲವಾ," ಅಂದರು. ಆಮ್ಯಾಗ ಅಂದರು, "ವಿಶ್ರಾಮ್ ಹೇಳು."

"ಆಂ?"

"ವಿಶ್ರಾಮ್ ಹೇಳು. ಅವರಿಗಿ ಕೇಳೂ ಹಂಗ ಹೇಳು."

ಯಶೋಧರಾ ಓಣಿಯ ಎರಡೂ ಮಷೀನು ಒಮ್ಮೆಗೇ ನಡದಾಗ ಅವ್ವನ್ನ ಕರಿತಿದ್ದಳಲ್ಲ, ಆ ದನಿ ತಗದಳು. "ವಿ...ಶ್ರಾಮ್!" ಬೇವಿನಗಿಡದ ಕಾಗಿ ಹಾರಿಹೋಯ್ತು. ರಸ್ತಾದಾಗಿನ ಹಿಂಡು ಒಮ್ಮೆಗೇ ಬಿಚ್ಚಿ ಓಡಿತು. "ಮಲ್ಲು, ಎರಡೂ ಕದ ತಗಿ," ಅಂದರು ಮೇಡಂ. ಮಲ್ಲು ಗಡಬಡಿಸಿ ತಗದ. ತುಕ್ಕು ಹಿಡದ ಎರಡನೇ ಕದ ಈ ವರ್ಷ ತಗದಿದ್ದೇ ಇರಲಿಲ್ಲ, ನೆಲಕ್ಕ ಒರಸಿ ಕಿರ್ರೋ ಅಂದಿತು. ಹುಡುಗ್ರು ನುಗ್ಗಿ ಬಂದು ತಮ್ಮ ತಮ್ಮ ಸಾಲಿಗಿ ಸೇರಿದರು. ಎಲ್ಲರಕಿಂತ ಹಿಂದ ಶಗುಫ್ತಾ ಬಂದು ಹತ್ತನೇತ್ತೇದ ಸಾಲಿನ ತುದಿಗಿ ನಿಂತಳು. ಮಜೀದಸಾಬ ಗೇಟಿನ ಒಳಗ ಒಂದು ಹೆಜ್ಜಿ ಇಟ್ಟು, ಮುಂದ ಬರಬೇಕೋ ಬ್ಯಾಡೋ ತಿಳಿಲಾರದೇ ಅಲ್ಲೇ ನಿಂತ.

"ಸಾವಧಾನ್!"

ಸಾವಧಾನ್‌ದಾಗ ರೆಪ್ಪಿ ಸೈತ ಅಲುಗಾಡಬಾರದು. ಶಗುಫ್ತಾ ಕಟ್ಟಿ ಕಡಿ ನೋಡಿ, ಉದ್ದಕ ನಾಲಿಗಿ ಹೊರಗ ಹಾಕಿ, ಒಳಗ ಎಳಕೊಂಡಳು. ಯಶೋಧರಾಗ ನಗಿ ಬಂತೋ ಅಳು ಬಂತೋ ಆಕಿಗೇ ತಿಳಿಲಿಲ್ಲ. "ಶುರು ಕರ್" ಅನ್ನೂದು ಒಡದ ದನಿಲೆ ಬಂತು, ಅರ್ಧಕ್ಕ ನಿಂತಿತು. ಆದ್ರೂ ಸಾಲಿ ಶುರು ಮಾಡಿತು. ಆಕಿ ಹಾಡಲಿಲ್ಲ, ಹಾಡಲಾಕ ಆಗಲಿಲ್ಲ. ಚಾಕ್‌ಪೀಸಿನ ಬಿಳಿ ಕೈ ತೊಡಿಗಿ ಒತ್ತಿ ನಿಂತಿದ್ದಳು. ಬಾಜೂ ನಿಂತ ಮೇಡಂನ ದನಿ ಮೊದಲನೇ ಸಲ ಇಷ್ಟು ಹತ್ತಿರದಿಂದ ಕೇಳಿಸಿತು. ಜರಾ ಬೇಸೂರ ಇತ್ತು.

ಮುಗಿದ ಮ್ಯಾಲ ಮೇಡಂ ಕಟ್ಟಿ ಇಳಿಯೂ ಮುಂದ, "ನಾಳಿಂದ ಘಂಟಿ ಹೊಡಿಯೂದಕ್ಕ ಮೊದಲು ಈ ಕಟ್ಟಿ ಹತ್ತಿ ರೈಲು ಬಂತೋ ಇಲ್ಲೋ ನೋಡಿ ನನಗ ಹೇಳು, ರೈಲಿನ್ಯಾಗಿಂದ ಯಾರೂ ಜಿಗಿಬಾರದು" ಅಂತ ಮಲ್ಲುಗ ಅಂದರು. ಆಮ್ಯಾಗ ಯಶೋಧರಾನ ಕಡಿ ತಿರುಗಿ, "ನಿನ್ನನ್ನ ತಗಿಯೂದು ಬಿಡೂದು ನನ್ನ ಕೆಲಸ. ಕೈ ತೊಳಕೋ ಹೋಗು," ಅಂದು ಸೀದಾ ಗೇಟಿನ ಕಡಿಗಿ ನಡದರು. ಯಶೋಧರಾ ಕೈ ತೊಳಿಲಾಕ ಹೋಗಲಿಲ್ಲ. ಟೀಸಿ ಮಾತು ಇನ್ನಾ ಮುಗಿದಿರಲಿಲ್ಲ.

"ಬರ್ರಿ. ಯಾರ್ರಿ ತಾವು? ಏನು ಕೆಲಸ ಇತ್ತು?" ಅಂತ ಕೇಳಿದರು ಮೇಡಂ.

"ನಾ ಮಜೀದಸಾಬರಿ, ನಾಲವಾರದ ಟೇಲರ್. ಶಗುಫ್ತಾನ ಅಬ್ಬಾ." ಅಂವ ಕೊಳ್ಳಾಗಿನ ಟೇಪು ಈಗ ನೆನಪಾಗಿ ತಗದು ಬೆರಳಿಗಿ ಸುತ್ತಲಾಕ ಹತ್ತಿದ. ಪೂರಾ ತೆರದ ಗೇಟು ನೋಡಿದ. ಸಾಲಿನ ತುದಿಗಿ ನಿಂತ ಮಗಳನ್ನ ನೋಡಿದ, ಆಕಿ ಉಸಿರಾಡೂದೂ ಬಿಟ್ಟಿದ್ದಳು. ಟೇಪು ಪೂರಾ ಸುತ್ತಿ ಮುಗೀತು. "ಏನಿಲ್ರಿ ಮೇಡಂ," ಅಂದ. "ಹುಡುಗಿ ಬುತ್ತಿ ಮರ್ತು ಬಂದಿದ್ಳು. ಕೊಟ್ಟು ಹೋಗಮಂತ ಬಂದೀನ್ರಿ."

ಅಂವನ ಕೈಯಾಗ ಟೇಪು ಬಿಟ್ರ ಏನೂ ಇರಲಿಲ್ಲ. ಬುತ್ತಿ ಚೀಲ ಶಗುಫ್ತಾನ ಕೈಯಾಗೇ ತೂಗಲಾಕತ್ತಿತ್ತು. ಮೇಡಂ ಅದನ್ನೂ ನೋಡಿದರು, ಇದನ್ನೂ ನೋಡಿದರು.

"ಕೊಟ್ರೇನು ಮತ್ತ?"

"ಹೂಂನ್ರಿ," ಅಂದ ಮಜೀದಸಾಬ. "ಕೊಟ್ಟೆ."